ಊಟಕ್ಕೆ ಹೋದ ಗಾಳಿ

ಕೆನಡಾಕ್ಕೆ ಹೋಗಿ ಬಂದೆ ಎಂದರೆ ತುಮಕೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಜಲಪಾತ ನೋಡಿದಿರಾ? ಇಲ್ಲ ಸ್ವಾಮಿ, ನೋಡಲಿಲ್ಲ. ಒಂದು ಹುಲ್ಲಿನ ಬಯಲಿನಲ್ಲಿ ಎರಡು ದಿನ ಕೂತು ಮರದ ಎಲೆ ಅಲ್ಲಾಡುತ್ತದೆಯೇ ಎಂದು ನೋಡಿ ಬಂದೆ. ಅಷ್ಟು ದೂರ ವಿಮಾನದಲ್ಲಿ ಹೋಗಿ ಎಲೆ ನೋಡಿ ಬಂದವನಿಗೆ ಏನು ಹೇಳಬೇಕೋ ಅದನ್ನು ನನ್ನ ಹೆಂಡತಿ ಆಗಲೇ ಹೇಳಿದ್ದಾಳೆ.

ಇದಕ್ಕೆಲ್ಲ ಕಾರಣ ನಮ್ಮ ರುದ್ರಣ್ಣ ಭಾವ, ಅಂದರೆ ನನ್ನ ಅಕ್ಕ ಪಾರ್ವತಕ್ಕನ ಗಂಡ. ನಾವು ಗುಬ್ಬಿಯವರು, ಭಾವನ ಊರು ಗೂಳೂರು. ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಈಗ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಾರೆ. ತೋಟ ನೋಡಿಕೊಳ್ಳುವುದು ಅಕ್ಕ, ಭಾವ ಗಾಳಿಪಟ ಕಟ್ಟುತ್ತಾರೆ ಎಂಬುದು ಊರಿಗೇ ಗೊತ್ತು. ಗೂಳೂರಿನವರಿಗೆ ಯಾವುದನ್ನೂ ಚಿಕ್ಕದಾಗಿ ಮಾಡಿ ಅಭ್ಯಾಸವಿಲ್ಲ. ಲೋಕವೆಲ್ಲ ತಟ್ಟೆಯಲ್ಲಿಟ್ಟುಕೊಂಡು ತರುವ ಗಣಪತಿಯನ್ನು ಅವರು ಕತ್ತೆತ್ತಿ ನೋಡುವಷ್ಟು ದೊಡ್ಡದು ಮಾಡಿ ಕೂರಿಸುತ್ತಾರೆ. ಭಾವನ ಗಾಳಿಪಟವೂ ಅದೇ ಜಾತಿಯದು. ಹಾಸಿದರೆ ನಡುಮನೆ ತುಂಬಿ ಬಾಗಿಲಾಚೆಗೂ ಬರುತ್ತದೆ.

ಈ ಆಷಾಢದಲ್ಲಿ ಅದನ್ನು ಹಾರಿಸಿದರು. ಅರ್ಧ ನಿಮಿಷ ಚೆನ್ನಾಗಿ ಏರಿತು. ಆಮೇಲೆ ಪಕ್ಕದ ತೋಟದ ತೆಂಗಿನಮರಕ್ಕೆ ಸಿಕ್ಕಿಕೊಂಡು ಎಷ್ಟೋ ದಿನ ಅಲ್ಲೇ ನೇತಾಡಿತು. ದಾರಿಯಲ್ಲಿ ಹೋಗುವವರೆಲ್ಲ, "ರುದ್ರಣ್ಣೋ, ಆ ಕಾಯಿ ಇನ್ನೂ ಬಲ್ತಿಲ್ವಾ? ಯಾವಾಗ್ ಕೆಡವ್ತೀಯ?" ಎಂದು ಕೇಳುವರು. ಭಾವ ನಗುತ್ತಿದ್ದರು, ಆದರೆ ಆ ದಿನಗಳಲ್ಲಿ ಸರ್ಕಲ್ಲಿಗೆ ಟೀ ಕುಡಿಯಲು ಹೋಗಲಿಲ್ಲ. ನಮ್ಮ ಕಡೆ ಗಾಳಿಗೆ ಬರವಿಲ್ಲ, ಆಕಾಶಕ್ಕೆ ಬರ. ಎಲ್ಲಿ ನೋಡಿದರೂ ತೆಂಗಿನ ಗರಿ.

ಆ ಅರ್ಧ ನಿಮಿಷವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಲೋಕಕ್ಕೆ ಹರಿಬಿಟ್ಟರು. ತೆಂಗಿನಮರದ ಭಾಗ ಅದರಲ್ಲಿ ಇರಲಿಲ್ಲ. ಅದನ್ನು ನೋಡಿ ಮರುಳಾದ ಕೆನಡಾದ ಒಂದು ಸಣ್ಣ ಗಾಳಿಪಟ ಸಂಘದವರು, ಸೆಪ್ಟೆಂಬರಿನಲ್ಲಿ ತಮ್ಮ ಊರಿನ ಸರೋವರದ ದಂಡೆಯಲ್ಲಿ ಎರಡು ದಿನ ನಡೆಯುವ ಗಾಳಿಪಟ ಉತ್ಸವಕ್ಕೆ ಬಂದು ಹಾರಿಸಿ ಎಂದು ಕರೆದರು. ನಾನು ತುಮಕೂರಿನ ಕಾಲೇಜೊಂದರಲ್ಲಿ ಗುಮಾಸ್ತ. ಕಾಲೇಜಿನಲ್ಲಿ ಇರುವವರಿಗೆಲ್ಲ ಇಂಗ್ಲಿಷ್ ಬರುತ್ತದೆ ಎಂದು ನಮ್ಮ ನೆಂಟರು ನಂಬಿದ್ದಾರೆ. ಹಾಗಾಗಿ ನಾನೂ ಹೊರಟೆ.

ತೊಡಕಾದದ್ದು ಬಾಲಂಗೋಚಿಯದು. ಪಟ ದೊಡ್ಡದಾದಷ್ಟೂ ಬಾಲ ಉದ್ದ ಬೇಕು, ತೂಕವೂ ಬೇಕು. ಹಳೆಯ ಪಂಚೆಗಳನ್ನೆಲ್ಲ ಸೇರಿಸಿ ಹೊಲಿದರೂ ಸಾಲಲಿಲ್ಲ. ಆಗ ಭಾವನ ಕಣ್ಣು ಅಕ್ಕನ ಬೀರುವಿನ ಹಸಿರು ಸೀರೆಯ ಮೇಲೆ ಬಿತ್ತು. ಕೆಂಪು ಅಂಚಿನ ಆ ಸೀರೆ ಮದುವೆಯಾದ ಹೊಸತರಲ್ಲಿ ಭಾವ ಕೊಡಿಸಿದ ಮೊದಲನೆಯದು. ಅಕ್ಕ ಈಗ ಅದನ್ನು ಉಡುವುದಿಲ್ಲ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಸಂಜೆ ಮಡಿಸಿ ಒಳಗಿಡುತ್ತಾಳೆ. ಅದನ್ನು ಭಾವ ಕೇಳಿದಾಗ ಅಕ್ಕ ಕೈ ಒರೆಸಿಕೊಂಡು ಎದ್ದಳು. ತಾನೇ ತೆಗೆದು ತಂದು ಕೊಟ್ಟಳು.

"ತಗಂಡೋಗಿ. ಹೋದಂಗೇ ವಾಪಸ್ ಬರ್ಬೇಕು. ಮಂಜ, ನಿನ್ ಭಾವ ಬರ್ದಿದ್ರೂ ಚಿಂತಿಲ್ಲ, ಸೀರೆ ತಗಂಬಾ."

ನಾವಿಬ್ಬರೂ ನಕ್ಕೆವು. ಅಕ್ಕ ನಗಲಿಲ್ಲ.

ಶುಕ್ರವಾರ, ಟೀವಿಯ ಮುಂದೆ

ಅಲ್ಲಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನಮ್ಮ ಬಿದಿರು ಸೀಳುಗಳನ್ನು ಒಂದೊಂದಾಗಿ ಟಾರ್ಚ್ ಬಿಟ್ಟು ನೋಡಿದ. ಹುಳ ಇದೆಯೇ ಎಂದು. ಇಷ್ಟು ಬಿದಿರು ಯಾಕೆ ಎಂದು ಕೇಳಿದ್ದಕ್ಕೆ ಗಾಳಿಪಟ ಎಂದೆ. ನಂಬದೆ ಇನ್ನೊಬ್ಬನನ್ನು ಕರೆದ. ಅವನು ಮತ್ತೊಬ್ಬಳನ್ನು ಕರೆದ. ಭಾವ ಮೊಬೈಲ್ ತೆಗೆದು ಆ ಅರ್ಧ ನಿಮಿಷವನ್ನು ಮೂವರಿಗೂ ತೋರಿಸಿದರು. ಅವರು ಚಪ್ಪಾಳೆ ತಟ್ಟಿದರು, ಕಾದು ನಿಂತಿದ್ದ ನಮ್ಮ ಹಿಂದಿನ ಸಾಲು ತಟ್ಟಲಿಲ್ಲ.

ನಮ್ಮನ್ನು ಮನೆಯಲ್ಲಿ ಇರಿಸಿಕೊಂಡವರು ಸಂಘದ ಮಾರ್ಗರೆಟ್. ಎತ್ತರದ, ನರೆಗೂದಲಿನ, ಮಾತಿಗೆ ಮುಂಚೆ "ಸಾರಿ" ಹೇಳುವ ಹೆಂಗಸು. ಪಕ್ಕದ ಮನೆಯ ಡಗ್ ಅವರ ಬಲಗೈ. ಚಳಿಗೆ ಭಾವ ಸ್ವೆಟರಿನ ಮೇಲೆ ಸ್ವೆಟರ್ ಹಾಕಿ, ಮಂಕಿ ಕ್ಯಾಪಿನೊಳಗಿಂದ ಬರೀ ಮೂಗು ತೋರಿಸುತ್ತಿದ್ದರೆ ಡಗ್ ಚಡ್ಡಿಯಲ್ಲಿ ಓಡಾಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮರುಗುತ್ತಿದ್ದರು.

ಆ ಊರಿನವರ ಮಾತೆಲ್ಲ ಹವಾಮಾನದ್ದು. ನಮ್ಮಲ್ಲಿ ಎದುರು ಸಿಕ್ಕವರು "ತಿಂಡಿ ಆಯ್ತಾ?" ಎನ್ನುವಂತೆ ಅಲ್ಲಿ "ಹೊರಗೆ ಚೆನ್ನಾಗಿದೆ ಅಲ್ಲವೇ?" ಎನ್ನುತ್ತಾರೆ. ಎರಡಕ್ಕೂ ಹೂಂ ಅಂದರೆ ಸಾಕು. ಆದರೆ ಅವರು ಟೀವಿಯ ಹವಾಮಾನವನ್ನು ನಂಬುತ್ತಾರೆ, ಅಲ್ಲೇ ಅವರಿಗೂ ನಮಗೂ ವ್ಯತ್ಯಾಸ. ಮಳೆ ಬರುತ್ತದೆ ಎಂದು ಟೀವಿಯಲ್ಲಿ ಹೇಳಿದ ದಿನ ಪಾರ್ವತಕ್ಕ ಧೈರ್ಯವಾಗಿ ಹಪ್ಪಳ ಒಣಹಾಕುತ್ತಾಳೆ.

ಶುಕ್ರವಾರ ಸಂಜೆ ವಾರಾಂತ್ಯದ ಮುನ್ಸೂಚನೆ ಬರುವ ಹೊತ್ತಿಗೆ ಮಾರ್ಗರೆಟ್ ಟೀ ಹಿಡಿದು ಕೂತರು. ಡಗ್ ಬಂದ. ಟೀವಿಯಲ್ಲಿ ಒಬ್ಬ ಹೆಂಗಸು ದೇಶದ ನಕ್ಷೆಯ ಮುಂದೆ ನಿಂತು ಒಂದು ತುದಿಯಿಂದ ಇನ್ನೊಂದು ತುದಿಗೆ ಕೈ ಆಡಿಸಿದಳು. ಪಶ್ಚಿಮದ ಕಡಲಿಗೆ ಮಳೆ. ಬೆಟ್ಟದ ಮೇಲೆ ಆಗಲೇ ಹಿಮ. ನಡುವಿನ ಬಯಲು ಸೀಮೆಯಲ್ಲಿ ಜೋರು ಗಾಳಿ, ಮನೆಯ ಹೊರಗಿನ ಕುರ್ಚಿಗಳನ್ನು ಕಟ್ಟಿಹಾಕಿ. ಪೂರ್ವದಲ್ಲಿ ಮಂಜು. ನಮ್ಮ ಸರೋವರದ ಮೇಲೆ ಮಾತ್ರ ಒಂದು ಸೂರ್ಯ, ಅದೂ ನಗುವ ಸೂರ್ಯ. ಎಲೆಯೂ ಅಲ್ಲಾಡದ, ವರ್ಷದ ಕೊನೆಯ ಸೊಗಸಾದ ಶನಿವಾರ, ಭಾನುವಾರ ಎಂದು ಹೆಂಗಸು ಹಿಗ್ಗಿದಳು.

ಮಾರ್ಗರೆಟ್ ಟೀ ಕೆಳಗಿಟ್ಟರು. "ಸೊಗಸು," ಎಂದರು, ಯಾರೋ ತೀರಿಕೊಂಡ ಸುದ್ದಿ ಕೇಳಿದ ದನಿಯಲ್ಲಿ. ಡಗ್ ಹೊರಗೆ ಹೋಗಿ ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು ಬಂದ. ಇಡೀ ಊರು ಸಂಭ್ರಮಿಸುವಾಗ ಗಾಳಿಪಟದವರು ಮಾತ್ರ ಸೂತಕದಲ್ಲಿದ್ದರು.

ಭಾವನಿಗೆ ಇಂಗ್ಲಿಷ್ ಬಾರದಿದ್ದರೂ ನಕ್ಷೆ ಅರ್ಥವಾಗಿತ್ತು. ಎದ್ದು ಹೋಗಿ ಟೀವಿಯ ಮೇಲೆ ಕೈ ಇಟ್ಟು ಅಳೆದರು. "ಇಲ್ಲಿಂದ ಒಂದು ಗೇಣು ಐತೆ ಕಣೋ ಗಾಳಿ. ಹೋಗ್ಬರನ ನಡಿ. ಕುಣಿಗಲ್‌ಗೆ ಹೋದಂಗೆ."

ಮಾರ್ಗರೆಟ್ಟರನ್ನು ಕೇಳಿದೆ. ಕಾರಿನಲ್ಲಿ ಮೂರು ದಿನದ ದಾರಿಯಂತೆ. ತುಮಕೂರಿನ ಶಿರಾ ಗೇಟಿನಲ್ಲಿ ಮಳೆ ಬಂದರೆ ಅದೇ ಊರಿನ ಬಟವಾಡಿಯಲ್ಲಿ ಬಿಸಿಲು ಕಾಯಿಸುವವರು ನಾವು. ಹವಾಮಾನ ಬದಲಾಯಿಸಲು ಮೂರು ದಿನ ಕಾರು ಓಡಿಸಬೇಕಾದ ದೇಶ ನಮ್ಮ ಅಂದಾಜಿಗೆ ಸಿಗಲಿಲ್ಲ.

"ಭಾವ, ಎರಡು ದಿನಾನೂ ಇಲ್ಲಿ ಗಾಳಿ ಇಲ್ವಂತೆ," ಎಂದೆ.

"ಇಲ್ಲ ಅನ್ಬೇಡ್ಲಾ!" ಭಾವ ಗದರಿದರು. ಅವರ ಮನೆಯಲ್ಲಿ ರಾಗಿ ಕಣದಿಂದ ಬಂದ ಪದ್ಧತಿ ಅದು. ರಾಗಿ ತೂರುವಾಗ ಗಾಳಿ ನಿಂತರೆ ಇಲ್ಲ ಎನ್ನಬಾರದು, ಕೇಳಿಸಿಕೊಂಡು ಮುನಿಸಿಕೊಳ್ಳುತ್ತದೆ. "ಊಟಕ್ಕೋಗೈತೆ, ಬತ್ತೈತೆ ಅನ್ನು."

ನಮ್ಮ ಮುಖ ನೋಡಿ ಮಾರ್ಗರೆಟ್ ಏನು ಎಂದು ಕೇಳಿದರು. ಗಾಳಿ ಊಟಕ್ಕೆ ಹೋಗಿದೆ, ಬರುತ್ತದೆ ಎಂದು ಇದ್ದದ್ದನ್ನು ಇದ್ದಂತೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ. ತಲೆದೂಗಿ, "ಹೊಟ್ಟೆ ತುಂಬಾ ತಿನ್ನಲಿ ಪಾಪ," ಎಂದರು.

ಶನಿವಾರ, ಊಟದ ಹೊತ್ತು

ಬಯಲು ಅಂದರೆ ಬಯಲು. ಒಂದು ಕಡೆ ಸಮುದ್ರದಷ್ಟು ಸರೋವರ, ಎಡಕ್ಕೆ ದಂಡೆಯುದ್ದಕ್ಕೂ ಒಂದು ಸಾಲು ಮರ, ಎಲೆಯ ಅಂಚು ಆಗಷ್ಟೇ ಕೆಂಪಾಗುತ್ತಿತ್ತು. ಉಳಿದದ್ದೆಲ್ಲ ಆಕಾಶ. ಭಾವ ಕತ್ತೆತ್ತಿ ಸುತ್ತ ನೋಡಿ, "ಒಂದು ಗರಿ ಅಡ್ಡ ಇಲ್ಲ ಕಣೋ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. "ಇಲ್ಲಿ ಒಂದ್ಸಲ ಮೇಲೋಗಿ ನಿಂತ್ರೆ ಸಾಕು. ಆ ಕಾಯಿಗೋದ್ ಮಾನ ವಾಪಸ್ ಬತ್ತೈತೆ." ನಗುತ್ತಲೇ ಹೇಳಿದರು. ಆದರೆ ಆ ತೆಂಗಿನಮರ ಇನ್ನೂ ಅವರ ಎದೆಯಲ್ಲಿ ನಿಂತಿದೆ ಎಂದು ನನಗೆ ಆಗ ಗೊತ್ತಾಯಿತು.

ಗಾಳಿಪಟಗಳೆಲ್ಲ ಹುಲ್ಲಿನ ಮೇಲೆ ಮಲಗಿದ್ದವು. ತಿಮಿಂಗಿಲ, ಹದ್ದು, ಡ್ರ್ಯಾಗನ್ ಎಲ್ಲವೂ ಜ್ವರ ಬಂದವರ ಹಾಗೆ ಬಿದ್ದಿದ್ದವು. ನಮ್ಮದನ್ನೂ ಬಿದಿರು ಜೋಡಿಸಿ, ಸೂತ್ರ ಕಟ್ಟಿ, ಬಾಲ ಹರವಿ ಮಲಗಿಸಿದೆವು. ಬಿಸಿಲೆಂದು ಊರಿಗೆ ಊರೇ ಬಂದಿತ್ತು. ಎಲ್ಲರೂ ಮಾರ್ಗರೆಟ್ಟರ ಕೈ ಕುಲುಕಿ, ಎಂಥಾ ಒಳ್ಳೆ ದಿನ ಸಿಕ್ಕಿತು ನಿಮಗೆ ಎಂದು ಅಭಿನಂದಿಸುವರು. ಅವರು ಹಲ್ಲು ಕಚ್ಚಿಕೊಂಡು ಥ್ಯಾಂಕ್ಸ್ ಹೇಳುವರು.

ಮಧ್ಯಾಹ್ನ ಭಾವ ಮತ್ತು ನಾನು ನೀರು ಕುಡಿಯಲು ಹೋಗಿ ಬರುವಷ್ಟರಲ್ಲಿ ನಮ್ಮ ಗಾಳಿಪಟದ ಮೇಲೆ ಒಂದು ಸಂಸಾರ ಕೂತು ಊಟ ಮಾಡುತ್ತಿತ್ತು. ಕೆಂಪು ಟೋಪಿಯ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಂದು ಅಜ್ಜಿ. ಕೂತುಕೊಳ್ಳಲೆಂದು ಸಂಘದವರು ಜಮಖಾನ ಹಾಸಿದ್ದಾರೆ ಎಂದುಕೊಂಡಿದ್ದರು. ಅವರ ತಪ್ಪಿಲ್ಲ. ಗಾಳಿಪಟ ಅಷ್ಟು ದೊಡ್ಡದಿರುತ್ತದೆ ಎಂದು ಗೂಳೂರಿನವರಲ್ಲದೆ ಬೇರೆ ಯಾರು ಊಹಿಸುತ್ತಾರೆ?

ಅದೇ ಹೊತ್ತಿಗೆ ಮರದ ಸಾಲಿನಲ್ಲಿ ಎಲೆ ಅಲ್ಲಾಡಿತು.

ಬಯಲಿನಲ್ಲಿ ಕೂಗೆದ್ದಿತು. ತಿಮಿಂಗಿಲ ಎದ್ದಿತು, ಹದ್ದು ಎದ್ದಿತು, ಡಗ್‌ನ ಚೌಕದ ಪೆಟ್ಟಿಗೆಯಂಥ ಪಟವೂ ಎದ್ದಿತು. ನಾನು ಓಡಿದೆ. "ಭಾವ, ಎಬ್ಬಿಸ್ಲಾ?"

ಭಾವ ನನ್ನ ತೋಳು ಹಿಡಿದರು. "ಉಣ್ಣೋರ್ನ ಎಬ್ಬಿಸ್ತೀಯೇನ್ಲಾ?"

"ಗಾಳಿ ಬಂದೈತೆ ಭಾವ! ಗಾಳಿ ಬಂದಾಗ ತೂರ್ಕೋ ಅಂತಾರೆ!"

"ತೂರ್ಕೊಳೋಕೆ ಉಣ್ಣೋರ್ನ ಎಬ್ಬಿಸಿ ಅಂತ ಯಾರೂ ಹೇಳಿಲ್ಲ. ಅಜ್ಜಿ ಈಗ್ ತಾನೆ ಬಾಯ್ಗಿಟ್ಟವ್ರೆ. ತಿನ್ಲಿ ಬುಡು."

ಗೂಳೂರಿನ ಪಂಕ್ತಿಯಲ್ಲಿ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ, ಅದು ಸರಿ. ಅಲ್ಲಿ ಎಲೆ ಹಾಕಿರುತ್ತಾರೆ. ಇಲ್ಲಿ ಗಾಳಿಪಟ ಹಾಕಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಾವ ಆ ಸಂಸಾರದ ಮುಂದೆ ಹೋಗಿ ನಿಂತು, ಕೈಮುಗಿದು, ನಿಧಾನ, ನಿಧಾನ ಎಂದು ಕನ್ನಡದಲ್ಲಿ ಉಪಚಾರ ಮಾಡುತ್ತಿದ್ದರು. ಅಜ್ಜಿ ಅವರಿಗೂ ಅರ್ಧ ಸ್ಯಾಂಡ್‌ವಿಚ್ ಕೊಟ್ಟಳು. ಭಾವ ಕೂತು ತಿಂದರು. ಅವರ ತಲೆಯ ಮೇಲೆ ತಿಮಿಂಗಿಲ ಈಜುತ್ತಿತ್ತು.

ಊಟ ಮುಗಿಯಿತು, ಗಾಳಿಯೂ ಮುಗಿಯಿತು. ತಿಮಿಂಗಿಲ ಮೆಲ್ಲಗೆ ಕೆಳಗಿಳಿದು ಮಲಗಿತು.

ಮಾರ್ಗರೆಟ್ ಓಡಿ ಬಂದು, ನಿಮ್ಮದನ್ನು ಯಾಕೆ ಹಾರಿಸಲಿಲ್ಲ ಎಂದು ಕೇಳಿದರು. ನಾನು ಸಿಟ್ಟಿನಲ್ಲಿ ಇದ್ದದ್ದೆಲ್ಲ ಹೇಳಿಬಿಟ್ಟೆ. ಕೇಳಿಸಿಕೊಂಡ ಕೆಂಪು ಟೋಪಿಯವನು ತಾನು ಕೂತ ಜಮಖಾನವನ್ನು ನೋಡಿದ, ಅದರ ಬಾಲ ನೋಡಿದ, ಬಿಳಿಚಿಕೊಂಡ. ಆಮೇಲೆ ಅವನು ಹೇಳಿದ ಸಾರಿಗಳನ್ನು ಎಣಿಸುವವರು ಎಣಿಸಬೇಕಿತ್ತು. ಭಾವ ಅವನ ಬೆನ್ನು ತಟ್ಟಿ, "ಗಾಳೀನೂ ಊಟಕ್ಕೋಗೈತೆ ಬುಡಪ್ಪ, ಬತ್ತೈತೆ," ಎಂದರು. ಮಾರ್ಗರೆಟ್ಟರಿಗೆ ಈಗ ಈ ಮಾತು ಅನುವಾದವಿಲ್ಲದೆ ಅರ್ಥವಾಗುತ್ತಿತ್ತು. ಮೈಕಿನಲ್ಲಿ ಗಂಭೀರವಾಗಿ ಘೋಷಿಸಿದರು: ಭಾರತದ ಅತಿಥಿಗಳ ಪ್ರಕಾರ ಗಾಳಿ ಊಟಕ್ಕೆ ಹೋಗಿದೆ, ದಯವಿಟ್ಟು ಕಾಯಿರಿ.

ಸಂಜೆಯವರೆಗೆ ಅಪರಿಚಿತರು ಬಂದು ಬಂದು ಕೇಳಿದರು: ಊಟ ಮುಗಿಯಿತೇ?

ಭಾನುವಾರ, ಎಲ್ಲ ಮುಗಿದ ಮೇಲೆ

ಭಾನುವಾರವೂ ಅದೇ ನಗುವ ಸೂರ್ಯ. ಅವನ ಹಲ್ಲು ಉದುರಿಸಬೇಕು ಅನ್ನಿಸಿತು. ಬಯಲು ಸೀಮೆಯ ಆ ಜೋರು ಗಾಳಿ ನಮ್ಮ ಕಡೆ ಬರುವುದು ಸೋಮವಾರ ಎಂದು ಟೀವಿ ಹೇಳಿತ್ತು. ಸೋಮವಾರ ಬೆಳಿಗ್ಗೆ ನಮ್ಮ ವಿಮಾನ.

ದಿನವಿಡೀ ಭಾವ ಪಟದ ಪಕ್ಕ ಕೂತಿದ್ದರು. ಸಂಜೆಯ ಹೊತ್ತಿಗೆ ಉತ್ಸವ ಮುಗಿಯಿತು ಎಂದು ಹೇಳಿ ಮಾರ್ಗರೆಟ್ ಮೈಕ್ ಬಿಚ್ಚಿದರು. ಜನ ಕುರ್ಚಿ ಮಡಿಸಿದರು. ತಿಮಿಂಗಿಲ ಚೀಲದೊಳಗೆ ಹೋಯಿತು. ಭಾವ ಸೂತ್ರದ ಗಂಟು ಬಿಚ್ಚಲು ಕೈ ಹಾಕಿದರು. ಎರಡು ದಿನದಲ್ಲಿ ಮೊದಲ ಸಲ ಅವರು ಮುದುಕರಂತೆ ಕಂಡರು. "ಭಾವ, ಬಿಡಿ, ನಾನು ಬಿಚ್ತೀನಿ," ಎಂದೆ. ಬೇಡ ಎಂದು ತಲೆಯಾಡಿಸಿದರು.

ಆಗ ಅವರ ಮಂಕಿ ಕ್ಯಾಪಿನ ಕುಚ್ಚು ಅಲ್ಲಾಡಿತು.

ಹಿಂದೆಯೇ ಬೆನ್ನಿಗೆ ತಣ್ಣಗೆ ಏನೋ ತಾಕಿತು. ಮರದ ಸಾಲು ಒಟ್ಟಿಗೆ ಸದ್ದು ಮಾಡಿತು. ಭಾವ ತಿರುಗಿ, "ಟೀವೀಲಿದ್ ಗಾಳಿ ಕಣೋ ಇದು! ನಾವ್ ಹೋಗ್ಲಿಲ್ಲ, ಅದೇ ಬಂತು ನೋಡು!" ಎಂದರು. ಮೂರು ದಿನದ ದಾರಿಯನ್ನು ಅದು ಟೀವಿಗೂ ಹೇಳದೆ ಬೇಗ ನಡೆದು ಬಂದಿತ್ತು.

ಮಾರ್ಗರೆಟ್ ಬಿಚ್ಚಿದ್ದ ಮೈಕನ್ನು ಮತ್ತೆ ಸಿಕ್ಕಿಸಿ ಕೂಗಿದರು: "ಊಟ ಮುಗೀತು!" ಕಾರು ಹತ್ತಿದವರು ಇಳಿದು ಓಡಿ ಬಂದರು. ನಾಲ್ಕು ಮೂಲೆಗೆ ಜನ ಬೇಕಿತ್ತು. ಕೆಂಪು ಟೋಪಿಯ ಸಂಸಾರ ಅಜ್ಜಿಯ ಸಮೇತ ಬಂದು ಹಿಡಿಯಿತು. ಡಗ್ ಹಗ್ಗದ ತುದಿಯನ್ನು ತನ್ನ ಪಿಕಪ್ ಗಾಡಿಯ ಕೊಕ್ಕೆಗೆ ಕಟ್ಟಿದ. ಭಾವ ಮುಂದೆ ನಿಂತು ಸೂತ್ರದ ಹತ್ತಿರ ಹಗ್ಗ ಹಿಡಿದು, "ಬುಡಿ!" ಎಂದರು. ಕನ್ನಡ ಬಾರದವರೆಲ್ಲ ಸರಿಯಾದ ಹೊತ್ತಿಗೇ ಬಿಟ್ಟರು.

ಏರಿತು. ಒಂದು ಸಲ ಗೋತಾ ಹೊಡೆಯುವಂತೆ ಬಾಗಿತು, ಬಾಲದ ತೂಕಕ್ಕೆ ನೆಟ್ಟಗಾಯಿತು, ಸರೋವರದ ಮೇಲೆ ಹೋಗಿ ನಿಂತಿತು. ನಿಂತೇ ನಿಂತಿತು. ಬಾಲದ ತುದಿಯಲ್ಲಿ ಅಕ್ಕನ ಹಸಿರು ಸೀರೆ ಇಳಿಬಿಸಿಲಿಗೆ ಹೊಳೆಯುತ್ತಿತ್ತು.

ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಗೂಳೂರಿನಲ್ಲಿ ಇನ್ನೂ ಕೋಳಿ ಕೂಗಿರಲಿಲ್ಲ, ಆದರೂ ಒಂದೇ ರಿಂಗಿಗೆ ಎತ್ತಿದಳು.

"ಎಲ್ಲೋ? ಏನೂ ಕಾಣಾಕಿಲ್ಲ. ಒಂದು ಗುಬ್ಬಚ್ಚಿ ಐತೆ."

"ಅದೇ ಕಣಕ್ಕ. ಅದ್ರ ಬಾಲದ ತುದಿ ನೋಡು."

ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ, "ಹೂಂ. ಹಸ್ರು," ಎಂದಳು.

ಗಾಳಿ ಅಷ್ಟಕ್ಕೇ ನಿಲ್ಲಲಿಲ್ಲ. ಬಲವಾಗುತ್ತಾ ಹೋಯಿತು. ಇಳಿಸೋಣ ಎಂದು ಫೋನನ್ನು ಹುಲ್ಲಿನ ಮೇಲಿಟ್ಟು ಭಾವ, ನಾನು, ಡಗ್, ಕೆಂಪು ಟೋಪಿ ಎಲ್ಲರೂ ಹಗ್ಗ ಎಳೆದೆವು. ಒಂದು ಮೊಳವೂ ಬರಲಿಲ್ಲ. ಪಟ ಎಡಕ್ಕೆ, ಆ ಮರದ ಸಾಲಿನ ಕಡೆಗೆ ವಾಲತೊಡಗಿತು. ಇನ್ನು ಸ್ವಲ್ಪ ಹೊತ್ತು ಹೀಗೇ ಹಿಡಿದುಕೊಂಡಿದ್ದರೆ ಬಾಲ ಕೊಂಬೆಗೆ ಸುತ್ತಿಕೊಳ್ಳುವುದು ನಿಶ್ಚಯವಾಗಿತ್ತು.

ಭಾವ ಡಗ್‌ನ ಕಡೆ ತಿರುಗಿ ಬೆರಳಲ್ಲಿ ಕೊಯ್ಯುವ ಸನ್ನೆ ಮಾಡಿದರು. ಅವನು ಜೇಬಿನ ಚಾಕು ಕೊಟ್ಟ.

"ಭಾವ, ಬ್ಯಾಡ. ಸೀರೆ," ಎಂದೆ.

"ಮರಕ್ಕೆ ಸಿಕ್ರೆ ಸೀರೇನೂ ಹರೀತೈತೆ, ಪಟಾನೂ ಹರೀತೈತೆ. ಇನ್ನೊಂದ್ಸಲ ಮರದ ಮೇಲೆ ನೇತಾಡಾದ್ ನೋಡಾಕ್ ನನ್ ಕೈಲಾಗಕಿಲ್ಲ ಮಂಜ."

ಹಗ್ಗ ಕೊಯ್ದರು. ಪಟ ಒಮ್ಮೆ ನಡುಗಿ, ಮರದ ಸಾಲಿನಿಂದ ತಪ್ಪಿಸಿಕೊಂಡು ನೀರಿನ ಮೇಲೆ ಹೊರಟಿತು. ಹಗ್ಗದ ತುದಿ ಯಾರೋ ಹಿಡಿದುಕೊಂಡ ಹಾಗೆ ನೀರಿನಲ್ಲಿ ಎಳೆದುಕೊಂಡು ಹೋಗುತ್ತಿದ್ದುದರಿಂದ ಬೀಳಲೂ ಇಲ್ಲ. ಚಿಕ್ಕದಾಯಿತು, ಚುಕ್ಕಿಯಾಯಿತು. ನನಗೆ ಅಳು ಬಂತು, ಸೀರೆಗೋ ಭಾವನಿಗೋ ಹೇಳಲಾರೆ. ಮಾರ್ಗರೆಟ್ ಮಾತ್ರ ಆ ದೇಶದವರಲ್ಲವೇ, ಕಣ್ಣೊರೆಸಿಕೊಳ್ಳುತ್ತಲೇ ಸರೋವರ ಕಾಯುವ ಕಚೇರಿಗೆ ಫೋನ್ ಮಾಡಿ, ಒಂದು ಗಾಳಿಪಟ ಬರುತ್ತಿದೆ, ಬಹಳ ದೊಡ್ಡದು, ಹಸಿರು ಬಾಲ, ಸಾರಿ ಎಂದು ವರದಿ ಒಪ್ಪಿಸಿದರು.

ಹುಲ್ಲಿನ ಮೇಲಿಂದ ಅಕ್ಕನ ದನಿ ಬರುತ್ತಿತ್ತು. "ಏನಾಯ್ತೋ? ಯಾಕೆಲ್ಲಾ ಸುಮ್ಕಾದ್ರಿ?"

ಭಾವನೇ ಫೋನ್ ಎತ್ತಿಕೊಂಡರು. "ಬುಟ್ಬುಟ್ಟೆ ಕಣೇ ಪಾರ್ವತಿ."

"ಸೀರೆ?"

"ಅದ್ರ ಜೊತೇಲೇ ಹೋಯ್ತು."

ಫೋನ್ ಕಟ್ಟಾಯಿತು. ಅಲ್ಲಿ ನೆಟ್‌ವರ್ಕ್ ಚೆನ್ನಾಗಿತ್ತು.

ಗೂಳೂರು

ವಾಪಸ್ ಬರುವ ದಾರಿಯುದ್ದಕ್ಕೂ ಭಾವ ಅಕ್ಕನಿಗೆ ಏನು ಹೇಳಬೇಕೆಂದು ನನ್ನ ಮುಂದೆ ಅಭ್ಯಾಸ ಮಾಡಿದರು. ಮಾರ್ಗರೆಟ್ ಒಂದು ಉಣ್ಣೆಯ ಶಾಲು ಕೊಟ್ಟಿದ್ದರು, ಅದನ್ನು ಮೊದಲು ಕೊಡುವುದೋ ಆಮೇಲೆ ಕೊಡುವುದೋ ಎಂಬುದೇ ಬೆಂಗಳೂರು ಬರುವವರೆಗೆ ತೀರ್ಮಾನವಾಗಲಿಲ್ಲ.

ಅಕ್ಕ ಬಾಗಿಲಲ್ಲಿ ನೀರು ಕೊಟ್ಟಳು. ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಏನೂ ಕೇಳಲಿಲ್ಲ. ಭಾವನ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಉಣ್ಣುವವರನ್ನು ಎಬ್ಬಿಸಬಾರದು ಎಂಬ ನಿಯಮ ಅವರಿಗೇ ಮುಳುವಾಗಿತ್ತು, ಎದ್ದು ಹೋಗುವಂತೆಯೂ ಇರಲಿಲ್ಲ.

ಕೊನೆಗೆ ಅಕ್ಕ ನನ್ನನ್ನು ಕೇಳಿದಳು. "ಆ ಕೆರೆ ಆಚೆ ದಡ ಯಾವೂರೋ?"

"ಅಮೆರಿಕ ಅಂತೆ ಕಣಕ್ಕ."

ಅಕ್ಕ ಸೌಟು ಹಿಡಿದು ನಿಂತಳು. "ನಾನೇ ಕುಣಿಗಲ್ ದಾಟಿ ಆಚಿಗೋಗಿಲ್ಲ. ನನ್ ಸೀರೆ ಅಮೆರಿಕಕ್ಕೋಯ್ತಾ?" ಎಂದಳು. ಅವಳ ತುಟಿಯ ಕೊನೆ ಸ್ವಲ್ಪ ಅಲ್ಲಾಡಿತು. ಭಾವನ ಮುದ್ದೆ ಇಳಿಯಿತು.

ಆದರೆ ಅವಳು ಅದನ್ನು ಮರೆತಿಲ್ಲ. ಟೀವಿಯ ಹವಾಮಾನಕ್ಕೆ ಸವಾಲು ಹಾಕಿ ಹಪ್ಪಳ ಒಣಹಾಕುತ್ತಿದ್ದ ನಮ್ಮ ಪಾರ್ವತಕ್ಕ ಈಗ ಶುಕ್ರವಾರ ಬಂತೆಂದರೆ ಮೊಬೈಲಿನಲ್ಲಿ ಆ ದೇಶದ ನಕ್ಷೆ ತೆಗೆದು, ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸುತ್ತಾಳೆ. ಎಲ್ಲಿ ಹಿಮ, ಎಲ್ಲಿ ಬಿಸಿಲು ಎಂದು ನನಗೇ ಫೋನ್ ಮಾಡಿ ಹೇಳುತ್ತಾಳೆ.

ಹೋದ ಶುಕ್ರವಾರ ನಾನು ಗೂಳೂರಿನಲ್ಲೇ ಇದ್ದೆ. ಭಾವ ಜಗುಲಿಯಲ್ಲಿ ಹೊಸ ಬಿದಿರು ಸೀಳುತ್ತಿದ್ದರು. ಅಕ್ಕ ಹೊಸಿಲ ಮೇಲೆ ಕೂತು ಕನ್ನಡಕ ಏರಿಸಿಕೊಂಡು ನಕ್ಷೆ ನೋಡಿದಳು. ನೋಡಿ, ಮುಖ ಸಪ್ಪಗೆ ಮಾಡಿಕೊಂಡಳು.

"ನಾಳೆ ನಾಳಿದ್ದು ಆ ಕೆರೆ ಮೇಲೆ ಮಳೆಯಂತೆ ಕಣೋ ಮಂಜ. ನನ್ ಸೀರೆ ನೆನೀತೈತೆ. ಅಲ್ಲಿ ಒಣಾಕೋರ್ ಯಾರವ್ರೆ?"

ಭಾವ ಬಿದಿರಿನಿಂದ ತಲೆ ಎತ್ತದೆ ಹೇಳಿದರು:

"ಗಾಳಿ ಐತಲ್ಲ."